ನಳಿಗೆಯ ಮೇಲಿನ ಕುಸುರಿ: ವಾಡೆಯ ಹಳೆಯ ಬಂದೂಕು, ರಿವಾಲ್ವರ್ ಕೈಗೆ ಬಂದಾಗ

ಖಂಡೇಪೂಜೆಯ ದಿನ ಬಾಗಲಕೋಟೆ ಸೀಮೆಯ ಹಳೆಯ ವಾಡೆಗಳಲ್ಲಿ ದೇವರ ಜಗುಲಿಯ ಮುಂದೆ ಕತ್ತಿ, ಕಠಾರಿ, ಭರ್ಚಿಗಳು ಸಾಲಾಗಿ ಕೂರುತ್ತವೆ. ಕೂಡಲಸಂಗಮದ ಆಸುಪಾಸಿನಿಂದ ಹುನಗುಂದ, ಇಳಕಲ್ಲು, ಬಾದಾಮಿಯವರೆಗೆ ದೇಸಾಯಿ, ದೇಶಪಾಂಡೆ, ನಾಡಗೌಡ ಮನೆತನಗಳು ಬಾಳಿದ ಊರುಗಳು ಒತ್ತೊತ್ತಾಗಿವೆ. ಅಂಥ ಮನೆಗಳ ಅಟ್ಟದಲ್ಲೋ ಕಟ್ಟಿಗೆಯ ಪೆಟ್ಟಿಗೆಯಲ್ಲೋ ಒಮ್ಮೊಮ್ಮೆ ಉದ್ದ ನಳಿಗೆಯ ಬಂದೂಕು ಸಿಗುತ್ತದೆ. ಕೆಲವೊಮ್ಮೆ ಬೆಳ್ಳಿ ತಂತಿ ಕೂಡಿಸಿದ ಪಿಸ್ತೂಲು, ಇಲ್ಲವೆ ಅಜ್ಜನ ಹೆಸರಿನಲ್ಲಿ ಲೈಸನ್ಸ್ ಇದ್ದ ರಿವಾಲ್ವರ್. ಸಿಕ್ಕ ಕೂಡಲೇ ಮನೆಯವರು ಮಾಡುವ ಮೊದಲ ಕೆಲಸ ಅದನ್ನು ಹುಣಸೆಹಣ್ಣು ಹಚ್ಚಿ, ಇಟ್ಟಿಗೆ ಪುಡಿ ಹಾಕಿ ಫಳಫಳ ತಿಕ್ಕುವುದು. ಮುನ್ನೂರು ವರ್ಷ ಉಳಿದುಬಂದ ಕುಸುರಿ ಅರ್ಧ ಗಂಟೆಯಲ್ಲಿ ಅಳಿದುಹೋಗುವುದು ಹೀಗೆ.

ಅಮೆರಿಕ, ಯುರೋಪುಗಳಲ್ಲಿ ಅಲಂಕೃತ ರಿವಾಲ್ವರ್‌ಗಳನ್ನು ಸಂಗ್ರಹಿಸುವುದು ದೊಡ್ಡ ಹವ್ಯಾಸ. ಅಲ್ಲಿ ಹೊಸ ರಿವಾಲ್ವರನ್ನು ಕೊಂಡು, ಕೆತ್ತನೆಗಾರನ ಕೈಗೆ ಕೊಟ್ಟು, ನಳಿಗೆಯ ಮೇಲೆ ಬಳ್ಳಿ, ಹೂವು, ಬೇಟೆಯ ದೃಶ್ಯ ಬಿಡಿಸಿಕೊಳ್ಳುವವರಿದ್ದಾರೆ. ನಮ್ಮಲ್ಲಿ ಕಾನೂನು ಅದಕ್ಕೆ ಅಷ್ಟು ಸಲೀಸಾಗಿ ಎಡೆ ಕೊಡುವುದಿಲ್ಲ, ಕೊಡಬೇಕಾದ ಅಗತ್ಯವೂ ಇಲ್ಲ. ನಮ್ಮ ನೆಲದಲ್ಲಿ ಆಸಕ್ತರು ಮಾಡಬೇಕಾದದ್ದು ಬೇರೆಯದೇ ಇದೆ. ಈಗಾಗಲೇ ಇರುವ ಹಳೆಯ ಕೆಲಸವನ್ನು ಗುರುತಿಸಬೇಕು, ಕೆಡದಂತೆ ಕಾಯಬೇಕು, ಕಾಗದಪತ್ರ ಸರಿಯಾಗಿಡಬೇಕು. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಹಳೆಯ ಆಯುಧದ ಬೆಲೆ ಅದರ ಮೂಲ ಕೆಲಸದಲ್ಲಿದೆ. ಹೊಸದಾಗಿ ಕೊಟ್ಟ ಹೊಳಪು, ಹೊಸದಾಗಿ ಕೊರೆದ ಚಿತ್ತಾರ ಆ ಬೆಲೆಯನ್ನು ತಗ್ಗಿಸುತ್ತವೆ.

ಈ ಸೀಮೆಯಲ್ಲಿ ಹಳೆಯ ಆಯುಧ ಏಕೆ ವಿರಳ

ಬಾಗಲಕೋಟೆ ಜಿಲ್ಲೆಯಲ್ಲಿ ಆಯುಧ ಎಂದರೆ ಮೊದಲು ನೆನಪಾಗಬೇಕಾದ ಊರು ಹಲಗಲಿ. ಮುಧೋಳ ತಾಲ್ಲೂಕಿನ ಈ ಹಳ್ಳಿ 1857ರಲ್ಲಿ ಘೋರ್ಪಡೆ ಅರಸರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಉತ್ತರದಲ್ಲಿ ಸಿಪಾಯಿಗಳ ದಂಗೆ ಎದ್ದ ವರ್ಷ ಅದು. ಜನರ ಕೈಯಲ್ಲಿ ಆಯುಧ ಇರಕೂಡದೆಂದು ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದರು. ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪಲಿಲ್ಲ. ಅವರ ಪಾಲಿಗೆ ಕತ್ತಿ, ಬಂದೂಕು ಹೊಟ್ಟೆಪಾಡೂ ಹೌದು, ಮಾನವೂ ಹೌದು. ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರಿನ ಮೇಲೆ ಬಿತ್ತು, ಮನೆಗಳಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದವು. ಆ ಲಾವಣಿಯನ್ನು ಹತ್ತನೇ ತರಗತಿಯ ಪಠ್ಯದಲ್ಲಿ ಓದಿದ ಮಕ್ಕಳು ನಾಡಿನ ತುಂಬ ಇದ್ದಾರೆ.

ಮರು ವರ್ಷ, 1858ರಲ್ಲಿ, ಕೃಷ್ಣೆಯಾಚೆಯ ಸುರಪುರದ ರಾಜಾ ವೆಂಕಟಪ್ಪ ನಾಯಕ ಸೆರೆಯಾಳಾಗಿ ಸಾಗುತ್ತಿದ್ದಾಗ ಬ್ರಿಟಿಷ್ ಅಧಿಕಾರಿಯೊಬ್ಬನ ರಿವಾಲ್ವರಿನ ಗುಂಡು ತಗುಲಿ ಸತ್ತ. ಆತನನ್ನು ಎಳೆತನದಿಂದ ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಆ ಸಾವಿನ ಕಥೆ ಬರೆದಿದ್ದಾನೆ. ಅದು ಆತ್ಮಹತ್ಯೆಯಲ್ಲ, ಕೊಲೆ ಎಂದು ಸುರಪುರದ ಕಡೆ ನಂಬುವವರು ಇಂದಿಗೂ ಇದ್ದಾರೆ. ರಿವಾಲ್ವರ್ ಎಂಬ ಹೊಸ ಆಯುಧ ಈ ಭಾಗದ ಇತಿಹಾಸದೊಳಗೆ ಕಾಲಿಟ್ಟದ್ದು ಹೀಗೆ, ಆಳುವವರ ಸೊಂಟದಲ್ಲಿ ಕೂತು.

ಆಮೇಲಿನ ವರ್ಷಗಳಲ್ಲಿ ಸರ್ಕಾರ ಊರೂರಿನಿಂದ ಆಯುಧ ಕಿತ್ತುಕೊಂಡಿತು. ಎಷ್ಟೋ ಮುರಿದುಹೋದವು, ಎಷ್ಟೋ ಕುಲುಮೆಗೆ ಬಿದ್ದು ಕುಡ, ಕುಡಗೋಲಾದವು. ಆದ್ದರಿಂದ ಈ ಜಿಲ್ಲೆಯಲ್ಲಿ 1857ಕ್ಕೂ ಹಿಂದಿನ ಒಂದು ಬಂದೂಕು ಮನೆತನದ ಕಥೆಯ ಸಮೇತ ಉಳಿದಿದ್ದರೆ ಅದು ಸಣ್ಣ ಸಂಗತಿಯಲ್ಲ.

ಕೊಡಗಿನ ಕಥೆ ಇದಕ್ಕೆ ಪೂರಾ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಸ್ವತಂತ್ರ ಭಾರತದಲ್ಲೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿನ ಮನೆಗಳಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ವಿನಾಯಿತಿ ಇರುವುದು ಉದ್ದ ಕೋವಿಗಳಿಗೆ. ಕೈಪಿಸ್ತೂಲು, ರಿವಾಲ್ವರಿಗೆ ಕೊಡಗಿನಲ್ಲೂ ಲೈಸನ್ಸ್ ಬೇಕು. ಕೊಡಗಿನವರಿಗೆ ಉಂಟಲ್ಲ, ನಮಗೂ ನಡೆಯುತ್ತದೆ ಎಂದು ಉತ್ತರದ ಜಿಲ್ಲೆಗಳಲ್ಲಿ ಯಾರಾದರೂ ಹೇಳಿದರೆ ಕಿವಿಗೊಡಬಾರದು.

ಕಣ್ಣು ಪಳಗಿಸಲು ವಿಜಯಪುರಕ್ಕೆ ಹೋಗಿ

ನಳಿಗೆಯ ಅಲಂಕಾರ ಕಲಿಯಬೇಕೆನ್ನುವವರು ಪುಸ್ತಕ ಹಿಡಿಯುವ ಮೊದಲು ಒಂದು ಬೆಳಿಗ್ಗೆ ವಿಜಯಪುರದ ಕೋಟೆಗೋಡೆ ಹತ್ತಬೇಕು. ಷೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಮಲಗಿದೆ. 1549ರಲ್ಲಿ ಅಹಮದನಗರದ ನಿಜಾಮಶಾಹಿಗಾಗಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದ ತೋಪು ಇದು. ಪರಾಂಡಾ ಕೋಟೆಯಿಂದ 1632ರಲ್ಲಿ ವಿಜಯಪುರಕ್ಕೆ ಬಂತು. ತೂಕ ಸುಮಾರು 55 ಟನ್, ಉದ್ದ ಸುಮಾರು 14 ಅಡಿ. ಲೋಹ ಗಂಟೆಯ ಕಂಚು: ಐದರಲ್ಲಿ ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಬೆರಳಿನಿಂದ ತಟ್ಟಿದರೆ ಗಂಟೆಯಂತೆಯೇ ದನಿ ಕೊಡುತ್ತದೆ.

ಬಾಯಿಯ ಹತ್ತಿರ ನಿಂತು ನೋಡಬೇಕು. ತೋಪಿನ ತುದಿಯೇ ಬಾಯ್ದೆರೆದ ಸಿಂಹ. ತುಟಿ ಹಿಂದಕ್ಕೆ ಸರಿದು ಹಲ್ಲು ಕಾಣುತ್ತವೆ. ಕೋರೆಹಲ್ಲುಗಳ ನಡುವೆ ಪುಟ್ಟ ಆನೆಯೊಂದು ನುಜ್ಜುಗುಜ್ಜಾಗುತ್ತಿದೆ, ಎಡಕ್ಕೂ ಬಲಕ್ಕೂ. ಕಣ್ಣು, ಕಿವಿ, ಕೆನ್ನೆಯ ಉಬ್ಬು ಎಲ್ಲವೂ ಎರಕದಲ್ಲೇ ಮೂಡಿವೆ. ಮೇಲ್ಮೈಯಲ್ಲಿ ಶಾಸನಗಳಿವೆ. ಎರಕದ ವರ್ಷ ಹೇಳುವುದೊಂದು, ವಿಜಯಪುರ ಗೆದ್ದ ಮೇಲೆ ಔರಂಗಜೇಬ್ ಹಾಕಿಸಿದ್ದು ಇನ್ನೊಂದು. ಎರಡನ್ನೂ ಹೋಲಿಸಿದರೆ ಮೊದಲ ಪಾಠ ಸಿಗುತ್ತದೆ. ಒಂದೇ ನಳಿಗೆಯ ಮೇಲೆ ಬೇರೆ ಬೇರೆ ಕಾಲದ ಕೈಗಳು ಇರಬಹುದು. ಶಾಸನದ ವರ್ಷ ಆಯುಧದ ವಯಸ್ಸೇ ಆಗಬೇಕೆಂದಿಲ್ಲ. ಈ ತೋಪನ್ನು 1854ರಲ್ಲಿ 150 ರೂಪಾಯಿಗೆ ಹರಾಜು ಹಾಕಿ, ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿ ಉಳಿಸಿಕೊಂಡರು ಎಂಬುದನ್ನೂ ಅಲ್ಲಿ ನಿಂತಾಗ ನೆನೆಯಬೇಕು. ಗುಜರಿಯ ಬೆಲೆ ಅದು.

ಅಲ್ಲಿಂದ ಉಪ್ಪಲಿ ಬುರುಜಿಗೆ ನಡೆದರೆ ಇನ್ನೊಂದು ವಿದ್ಯೆ ಕಾಣುತ್ತದೆ. 1584ರ ಈ ಬುರುಜಿನ ಮೇಲಿರುವ ಉದ್ದ ತೋಪು 30 ಅಡಿಗೂ ಮಿಕ್ಕಿದೆ. ಇದು ಎರಕದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿ ಬಡಿದು ಬೆಸೆದದ್ದು. ಬಳೆಗಳ ಗೆರೆ ಈಗಲೂ ಎಣಿಸುವಷ್ಟು ಸ್ಪಷ್ಟ. ದೊಡ್ಡ ತೋಪಿನಲ್ಲಿ ಕಾಣುವ ಈ ಎರಡು ದಾರಿ, ಕಂಚಿನ ಎರಕ ಮತ್ತು ಕಬ್ಬಿಣದ ಬೆಸುಗೆ, ಕಣ್ಣಿಗೆ ಹಿಡಿಸಿದರೆ ಕೈಬಂದೂಕಿನ ನಳಿಗೆಯನ್ನು ಓದುವುದು ಸುಲಭ. ಗೋಲಗುಂಬಜಿನ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಆದಿಲಶಾಹಿ ಕಾಲದ ಆಯುಧಗಳೂ ಇವೆ. ಕೂಡಲಸಂಗಮದಿಂದ ಹೊರಟವರು ಒಂದೇ ದಿನದಲ್ಲಿ ಇಷ್ಟನ್ನೂ ನೋಡಿ ಮರಳಬಹುದು.

ಕುಸುರಿಯ ಬಗೆಗಳು

ಕೈಬಂದೂಕಿನ ನಳಿಗೆಯ ಮೇಲೆ ಮುಖ್ಯವಾಗಿ ನಾಲ್ಕು ಬಗೆಯ ಕೆಲಸ ಸಿಗುತ್ತದೆ. ಒಂದು, ಲೋಹದ ಒಡಲಲ್ಲೇ ಇರುವ ವಿನ್ಯಾಸ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ಬೆಸೆದು, ಹುರಿ ಹೊಸೆದಂತೆ ತಿರುಚಿ, ಸಲಾಕೆಗೆ ಸುತ್ತಿ ಬಡಿದು ನಳಿಗೆ ಮಾಡುತ್ತಿದ್ದರು. ಉಜ್ಜಿ, ಹುಳಿದ್ರಾವಣ ತಾಕಿಸಿದಾಗ ಎರಡು ಲೋಹ ಎರಡು ಬಣ್ಣ ತಳೆದು ಅಲೆ ಅಲೆಯಾದ ಚಿತ್ತಾರ ಏಳುತ್ತದೆ. ಇದನ್ನೇ ದಮಾಸ್ಕಸ್ ನಳಿಗೆ ಎನ್ನುತ್ತಾರೆ. ನಿಜವಾದ ತಿರುಚು ನಳಿಗೆಯಲ್ಲಿ ಆ ಅಲೆ ಸುತ್ತಲೂ ಹರಿಯುತ್ತದೆ, ಕಟ್ಟಿಗೆಯ ಹಿಡಿಯೊಳಗೆ ಮುಚ್ಚಿಹೋದ ಕೆಳಭಾಗದಲ್ಲೂ ಇರುತ್ತದೆ. ಮೇಲೆ ಮಾತ್ರ ಬರೆದ ನಕಲಿ ಚಿತ್ತಾರ ಹಿಡಿಯ ಅಂಚಿಗೆ ಬಂದು ನಿಂತುಬಿಡುತ್ತದೆ.

ಎರಡನೆಯದು ಕೋಫ್ತಗರಿ. ಇದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ದಖ್ಖನಿನ ಆಯುಧಗಳ ಮೇಲೆ ಕಾಣುವ ಚಿನ್ನದ ಬಳ್ಳಿಗಳಲ್ಲಿ ಬಹಳಷ್ಟು ಇದೇ. ಕುಶಲಕರ್ಮಿ ಮೊದಲು ಉಕ್ಕಿನ ಮೈಮೇಲೆ ಹರಿತವಾದ ಉಳಿಯಿಂದ ಕೂದಲೆಳೆಯಷ್ಟು ಸಣ್ಣ ಗೀರುಗಳನ್ನು ಒತ್ತೊತ್ತಾಗಿ ಎಳೆಯುತ್ತಾನೆ. ಮೊದಲು ಒಂದು ದಿಕ್ಕಿಗೆ, ಆಮೇಲೆ ಅದಕ್ಕೆ ಅಡ್ಡಲಾಗಿ. ಮೈ ಅರದಂತೆ ತರಿತರಿಯಾಗುತ್ತದೆ. ಅದರ ಮೇಲೆ ವಿನ್ಯಾಸ ಗುರುತು ಹಾಕಿಕೊಂಡು, ಸಣ್ಣ ಚಿನ್ನದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗೆರೆಯುದ್ದಕ್ಕೆ ಬಾಗಿಸುತ್ತ ಪುಟ್ಟ ಸುತ್ತಿಗೆಯಿಂದ ಕೂಡಿಸುತ್ತಾನೆ. ಮೆತ್ತನೆಯ ಚಿನ್ನ ಗೀರುಗಳ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಕೊನೆಗೆ ನಯವಾದ ಅಕೀಕು ಕಲ್ಲಿನಿಂದ ಒತ್ತಿ ತೀಡಿದರೆ ತಂತಿಗಳ ನಡುವಿನ ಗೀರು ಮುಚ್ಚಿ, ಕಪ್ಪು ಉಕ್ಕಿನ ಮೇಲೆ ಬಂಗಾರದ ಬಳ್ಳಿ ನಿಲ್ಲುತ್ತದೆ. ಉದಯಪುರದಲ್ಲಿ ಸಿಕಲಿಗಾರ ಮನೆತನಗಳು ಕತ್ತಿ, ಕಠಾರಿಗಳ ಹಿಡಿಗೆ ಈ ಕೆಲಸವನ್ನು ಇಂದಿಗೂ ಮಾಡುತ್ತಿವೆ.

ಈ ಕ್ರಮ ಗೊತ್ತಿದ್ದರೆ ಪರೀಕ್ಷೆ ಸುಲಭ. ಚಿನ್ನ ಸವೆದ ಕಡೆ ಭೂತಗನ್ನಡಿ ಹಿಡಿದು ನೋಡಿದರೆ ಕೆಳಗೆ ಆ ಅಡ್ಡಗೀರುಗಳು ಕಾಣಬೇಕು. ಸವೆತ ಅಂಚಿನಲ್ಲಿ, ಉಬ್ಬಿನಲ್ಲಿ, ಕೈ ಹಿಡಿಯುವ ಜಾಗದಲ್ಲಿ ಹೆಚ್ಚಿರಬೇಕು. ಗೀರಿಲ್ಲದ ನುಣ್ಣನೆ ಮೈಮೇಲೆ ಚಿನ್ನದ ಬಣ್ಣ ಕುಳಿತಿದ್ದರೆ, ಹಳೆಯ ಗಾಯದ ತಗ್ಗಿನೊಳಗೂ ಹಳದಿ ಇಳಿದಿದ್ದರೆ ಅದು ಇತ್ತೀಚಿನ ವಿದ್ಯುಲ್ಲೇಪ.

ಮೂರನೆಯದು ಆಳದ ಕೂಡಣೆ. ಇದರಲ್ಲಿ ಉಕ್ಕಿನಲ್ಲಿ ಕಾಲುವೆ ಕೊರೆದು ಬೆಳ್ಳಿಯನ್ನೋ ಚಿನ್ನವನ್ನೋ ತುಂಬಿ ಬಡಿಯುತ್ತಾರೆ. ಬೀದರಿನ ಬಿದರಿ ಕೆಲಸ ನೋಡಿದವರಿಗೆ ಇದು ಹೊಸದಲ್ಲ. ತಂತಿ ಕೂಡಿಸುವ ತಾರ್‌ಕಶಿ, ತಗಡು ಕೂಡಿಸುವ ತಹನಿಶಾನ್ ಎಂಬ ಮಾತುಗಳು ಬೀದರಿನ ಕಾರ್ಖಾನೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಅಲ್ಲಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಿದರಿಯ ಒಡಲು ಸತುವಿನ ಮಿಶ್ರಲೋಹ. ಅದು ಗುಂಡಿನ ಕಾವು, ಒತ್ತಡ ತಾಳುವ ಲೋಹವಲ್ಲ. ಬಿದರಿ ನಳಿಗೆಯ ಬಂದೂಕು ಎಂದು ಯಾರಾದರೂ ತೋರಿಸಿದರೆ ಅದನ್ನು ಗೋಡೆಗೆ ತೂಗುಹಾಕಲು ಮಾಡಿದ ಅಲಂಕಾರ ಎಂದೇ ತಿಳಿಯಬೇಕು.

ನಾಲ್ಕನೆಯದು ಬರೀ ಕೆತ್ತನೆ. ಕೈಯಿಂದ ಕೊರೆದ ಗೆರೆ ಒಂದೇ ಸಮ ಇರುವುದಿಲ್ಲ. ಉಳಿ ಇಳಿದಲ್ಲಿ ತೆಳು, ಒತ್ತಿದಲ್ಲಿ ಅಗಲ, ಮೇಲೆದ್ದಲ್ಲಿ ಮತ್ತೆ ತೆಳು. ತಳ ಮಿಂಚುತ್ತದೆ. ಲೇಸರಿನ ಗೆರೆಗೆ, ಆಮ್ಲದ ಗೆರೆಗೆ ತಳ ಮಂಕು, ಆಳ ಒಂದೇ.

ಈ ಎಲ್ಲ ವಿದ್ಯೆಗಳೂ ಕನ್ನಡ ನಾಡಿನಲ್ಲಿ ಒಂದೆಡೆ ಕೂಡಿದ್ದು ಶ್ರೀರಂಗಪಟ್ಟಣದಲ್ಲಿ. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಬಂದೂಕು, ಪಿಸ್ತೂಲುಗಳ ಮೇಲೆ ಹುಲಿಪಟ್ಟೆಯ ವಿನ್ಯಾಸ, ಹುಲಿಮೊಗ, ಹೈದರ್ ಹೆಸರಿನ ಮುದ್ರೆ, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ಕೆಲಸಗಾರನ ಹೆಸರು ಎಲ್ಲ ಇರುತ್ತವೆ. ಕೆಲವು ಪಿಸ್ತೂಲುಗಳು ಜೋಡಿಯಲ್ಲಿ ಬರುತ್ತವೆ. ಒಂದರ ಕುದುರೆ (ಕಿಡಿ ಹೊಡೆಯುವ ಕೀಲು) ಬಲಕ್ಕೆ, ಇನ್ನೊಂದರದು ಎಡಕ್ಕೆ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಇವು ಲೂಟಿಯ ಪಾಲಾಗಿ ಇಂಗ್ಲೆಂಡಿಗೆ ಹೋದವು. ರಾಬಿನ್ ವಿಗಿಂಗ್‌ಟನ್ ಎಂಬ ಸಂಗ್ರಾಹಕ ಇಂಥವನ್ನು ಕೂಡಿಹಾಕಿ 1992ರಲ್ಲಿ ಟಿಪ್ಪುವಿನ ಬಂದೂಕುಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಅವರ ಸಂಗ್ರಹ 2015ರ ಏಪ್ರಿಲ್ 21ರಂದು ಲಂಡನ್ನಿನ ಬೋನ್‌ಹ್ಯಾಮ್ಸ್‌ನಲ್ಲಿ ಹರಾಜಾದಾಗ ಒಟ್ಟು ಸುಮಾರು 60 ಲಕ್ಷ ಪೌಂಡ್ ಬಂತು. ಅಷ್ಟು ಹಣ ಬಂದದ್ದು ಪ್ರತಿ ವಸ್ತುವಿನ ಮುದ್ರೆ, ವರ್ಷ, ಕೈಬದಲಾದ ದಾಖಲೆ ಸ್ಪಷ್ಟವಾಗಿದ್ದುದರಿಂದ.

ರಿವಾಲ್ವರಿನ ವಿಷಯ

ರಿವಾಲ್ವರಿನ ಚರಿತ್ರೆ ತೀರ ಹಳೆಯದಲ್ಲ. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ. 1853ರಿಂದ ಕೆಲವು ವರ್ಷ ಲಂಡನ್ನಿನಲ್ಲೂ ಕಾರ್ಖಾನೆ ನಡೆಸಿದ. ಇಂಗ್ಲೆಂಡಿನ ಆಡಮ್ಸ್ ರಿವಾಲ್ವರ್ 1851ರಲ್ಲಿ ಬಂತು. 1857ರ ಹೊತ್ತಿಗೆ ಭಾರತದಲ್ಲಿದ್ದ ಕಂಪನಿ ಅಧಿಕಾರಿಗಳ ಬಳಿ ಈ ಎರಡೂ ಬಗೆ ಇದ್ದವು. ಮುಂದೆ ವೆಬ್ಲಿ ಬಂತು.

ಕೋಲ್ಟಿನ 1851ರ ನೇವಿ ಮಾದರಿಯ ಗುಂಡು ತುಂಬುವ ಉರುಳೆಯನ್ನು ಹತ್ತಿರದಿಂದ ನೋಡಿದವರು ಅದರ ಮೇಲಿನ ಹಡಗುಗಳನ್ನು ಮರೆಯುವುದಿಲ್ಲ. 1843ರ ಮೇ 16ರಂದು ಮೆಕ್ಸಿಕೋದ ಕಾಂಪೆಚೆ ತೀರದಲ್ಲಿ ಟೆಕ್ಸಾಸ್ ನೌಕಾಪಡೆ ನಡೆಸಿದ ಕಾಳಗ ಅದು. ನೋಟುಗಳ ಅಚ್ಚು ಕೆತ್ತುತ್ತಿದ್ದ ವಾಟರ್‌ಮನ್ ಆರ್ಮ್ಸ್‌ಬಿ ಆ ದೃಶ್ಯವನ್ನು ಗಟ್ಟಿ ಉಕ್ಕಿನ ಅಚ್ಚಿನ ಮೇಲೆ ಬಿಡಿಸಿದ. ಅಚ್ಚನ್ನು ಉರುಳೆಗೆ ಒತ್ತಿ ಹೊರಳಿಸಿದರೆ ಚಿತ್ರ ಮೂಡುತ್ತಿತ್ತು. ಇದು ಸಾವಿರಾರು ರಿವಾಲ್ವರಿಗೆ ಒಂದೇ ಸಮ ಬಿದ್ದ ಕಾರ್ಖಾನೆಯ ಗುರುತು, ಒಬ್ಬ ಗಿರಾಕಿಗಾಗಿ ಕೊರೆದ ಕೈಕೆತ್ತನೆಯಲ್ಲ. ಅದು ಬಹಳ ತೆಳು. ಹಾಗಾಗಿ ಅದು ಎಷ್ಟು ಉಳಿದಿದೆ ಎಂಬುದರ ಮೇಲೆಯೇ ಸಂಗ್ರಾಹಕರು ರಿವಾಲ್ವರಿನ ಸ್ಥಿತಿ ಅಳೆಯುತ್ತಾರೆ. ಮಸಿ ಹಿಡಿದಿದೆಯೆಂದು ಮರಳುಕಾಗದದಿಂದ ಒಮ್ಮೆ ತಿಕ್ಕಿದರೆ ಹಡಗುಗಳೆಲ್ಲ ಮುಳುಗಿದಂತೆಯೇ.

ಗಿರಾಕಿಯ ಬೇಡಿಕೆಗೆ ಮಾಡಿದ ಕೈಕೆತ್ತನೆಯ ರಿವಾಲ್ವರುಗಳ ಲೋಕ ಬೇರೆ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಗುಸ್ತಾವ್ ಯಂಗ್, ಲೂಯಿ ನಿಮ್ಷ್ಕೆ ಇದರಲ್ಲಿ ಹೆಸರು ಮಾಡಿದವರು. ಇಬ್ಬರೂ ಜರ್ಮನಿಯಿಂದ ಹೋದ ಕೆತ್ತನೆಗಾರರು. ಸುರುಳಿ ಸುರುಳಿಯಾದ ಎಲೆಬಳ್ಳಿ ಅವರ ಕೈಗುರುತು.

ರಿವಾಲ್ವರ್ ನೋಡುವಾಗ ಮೊದಲು ಸಂಖ್ಯೆ ನೋಡಬೇಕು. ಚೌಕಟ್ಟು, ನಳಿಗೆ, ಉರುಳೆ ಈ ಮೂರರ ಮೇಲಿನ ಸಂಖ್ಯೆ ಒಂದೇ ಆಗಿದ್ದರೆ ವಸ್ತು ಮೂಲದ್ದು. ಬೇರೆಯಾಗಿದ್ದರೆ ಎಲ್ಲೋ ಭಾಗ ಬದಲಾಗಿದೆ. ಬ್ರಿಟಿಷ್ ವಸ್ತುಗಳ ಮೇಲೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ ಇರಬೇಕು. ಕಂಪನಿಯ ಬಂದೂಕಿನ ಮೇಲೆ ಮೊದಲು ಹೃದಯದಾಕಾರದ ಗುರುತು, 1808ರಿಂದ ನಿಂತ ಸಿಂಹ. ಪೇಟೆಯಲ್ಲಿ ‘1857ರ ಬಂದೂಕು’ ಎಂದು ಮಾರುವ ಹಿತ್ತಾಳೆ ಹೊದಿಸಿದ ವಸ್ತುಗಳಲ್ಲಿ ಸಿಂಹವೂ ಇರುತ್ತದೆ, ವರ್ಷವೂ ಇರುತ್ತದೆ. ಆದರೆ ಇಂಗ್ಲಿಷ್ ಅಕ್ಷರಗಳು ತಲೆಕೆಳಗಾಗಿ, ಕಾಗುಣಿತ ತಪ್ಪಿ ಬಿದ್ದಿರುತ್ತವೆ. ಅವು ಪ್ರವಾಸಿಗರಿಗಾಗಿ ಮಾಡಿದ ಆಟಿಕೆಗಳು.

ಮೊದಲು ಸುರಕ್ಷತೆ, ಆಮೇಲೆ ಕಾನೂನು

ಹಳೆಯ ಬಂದೂಕು ಸಿಕ್ಕರೆ ಅದರಲ್ಲಿ ಮದ್ದು ತುಂಬಿದೆ ಎಂದೇ ಎಣಿಸಬೇಕು. ಬಾಯಿಯಿಂದ ಮದ್ದು ತುಂಬುವ ಬಂದೂಕುಗಳನ್ನು ಹಿಂದೆ ಹಾಗೆಯೇ ತುಂಬಿ ಗೋಡೆಗೆ ಒರಗಿಸಿಡುತ್ತಿದ್ದರು. ಒಣಗಿದ ಜಾಗದಲ್ಲಿ ಕರಿಮದ್ದು ನೂರು ವರ್ಷವಾದರೂ ಸಾಯುವುದಿಲ್ಲ. ಕಡ್ಡಿ ಹಾಕಿ ನೋಡುವುದು, ಕುದುರೆ ಎಳೆಯುವುದು, ಒಲೆಯ ಹತ್ತಿರ ಒಯ್ಯುವುದು ಯಾವುದೂ ಬೇಡ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ಇಟ್ಟು, ಮಕ್ಕಳನ್ನು ದೂರ ಕಳಿಸಿ, ಠಾಣೆಗೆ ತಿಳಿಸಬೇಕು. ಪರೀಕ್ಷಿಸುವುದು ಪೊಲೀಸ್ ಇಲಾಖೆಯ ಆಯುಧ ತಜ್ಞರ ಇಲ್ಲವೆ ಲೈಸನ್ಸ್ ಇರುವ ಬಂದೂಕು ರಿಪೇರಿಗಾರರ ಕೆಲಸ.

ಕಾನೂನು ನೋಡೋಣ. 1959ರ ಆಯುಧ ಕಾಯ್ದೆ, 2016ರ ನಿಯಮಗಳು, 2019ರ ತಿದ್ದುಪಡಿ ಈ ಮೂರು ಗೊತ್ತಿರಬೇಕು. ಲೈಸನ್ಸ್ ಇದ್ದವರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ 2019ರಲ್ಲಿ ಮೂರರಿಂದ ಎರಡಕ್ಕೆ ಇಳಿಯಿತು. ಪಿತ್ರಾರ್ಜಿತವಾಗಿ ಬಂದರೂ ಎರಡೇ. ಲೈಸನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಬಾಗಲಕೋಟೆಯಲ್ಲಿ ಲೈಸನ್ಸ್ ಕೊಡುವವರು ಜಿಲ್ಲಾಧಿಕಾರಿ. ಲೈಸನ್ಸ್ ಹೊಂದಿದವರು ತೀರಿಕೊಂಡರೆ ಮನೆಯವರು ತಡಮಾಡದೆ ಆಯುಧವನ್ನು ಹತ್ತಿರದ ಠಾಣೆಗೋ ಲೈಸನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು, ಆಮೇಲೆ ವಾರಸುದಾರರು ಅರ್ಜಿ ಹಾಕಬೇಕು. ಹಿರಿಯರು ಬದುಕಿರುವಾಗಲೇ ವರ್ಗಾಯಿಸಲೂ ದಾರಿ ಇದೆ. ಅವರಿಗೆ 70 ವರ್ಷ ತುಂಬಿದ್ದರೆ, ಇಲ್ಲವೆ ಆಯುಧ ಅವರ ಬಳಿ 25 ವರ್ಷ ಇದ್ದಿದ್ದರೆ ವಾರಸುದಾರರು ಅರ್ಜಿ ಕೊಡಬಹುದು. ಮನೆತನದ ರಿವಾಲ್ವರ್ ಉಳಿಯಬೇಕೆನ್ನುವವರು ಈ ಅವಕಾಶ ಬಳಸಿಕೊಳ್ಳುವುದು ಜಾಣತನ.

ತೀರ ಹಳೆಯ ವಸ್ತುಗಳಿಗೆ ಕಾಯ್ದೆಯ 45ನೇ ಕಲಮಿನಲ್ಲಿ ಬಿಡುವು ಇದೆ. ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಗುಂಡು ಹಾರಿಸಲಾರದ್ದಾದರೆ ಕಾಯ್ದೆ ಅದಕ್ಕೆ ಅನ್ವಯಿಸದು. 2020ರ ಫೆಬ್ರುವರಿಯಲ್ಲಿ ಗೃಹ ಸಚಿವಾಲಯ ‘ಕ್ಯೂರಿಯೊ’ ವರ್ಗದ ಸಣ್ಣ ಆಯುಧಗಳನ್ನು ಇಟ್ಟುಕೊಳ್ಳಲು ಭಾರತೀಯ ನಾಗರಿಕರಿಗೆ ಲೈಸನ್ಸ್ ಬೇಡವೆಂದಿತು. ಬಳಸಲು, ಸಾಗಿಸಲು ಮಾತ್ರ ಬೇಕೇ ಬೇಕು. ಇಲ್ಲಿ ಎಚ್ಚರ ಬೇಕಾದದ್ದು ಒಂದೇ. ಈ ವಸ್ತು ಆ ವರ್ಗಕ್ಕೆ ಸೇರುತ್ತದೆ ಎಂದು ಮನೆಯಲ್ಲೇ ಕೂತು ತೀರ್ಮಾನಿಸಬಾರದು. ಫೋಟೋ, ಅಳತೆ, ಮನೆತನದ ವಿವರ ಬರೆದು ಜಿಲ್ಲಾಧಿಕಾರಿ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಬಾಯಿಮಾತಿನ ‘ನಡೀತದ ಬಿಡ್ರಿ’ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ನೂರು ವರ್ಷ ದಾಟಿದ ಆಯುಧ 1972ರ ಪ್ರಾಚ್ಯವಸ್ತು ಕಾಯ್ದೆಗೂ ಒಳಪಡುತ್ತದೆ. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಅಂಥ ವಸ್ತುಗಳ ವ್ಯಾಪಾರ ಮಾಡುವವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಲೈಸನ್ಸ್ ಪಡೆದಿರಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ರಾಜರ ಕಾಲದ ಪಿಸ್ತೂಲು’ ಎಂದು ಫೋಟೋ ಹಾಕಿ ಬೆಲೆ ಕೇಳುವವರಿಂದ ದೂರವಿರುವುದು ಒಳಿತು.

ಹೊಸ ರಿವಾಲ್ವರಿಗೆ ಕುಸುರಿ ಮಾಡಿಸಬಹುದೇ ಎಂದು ಕೇಳುವವರುಂಟು. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಹುಟ್ಟಿದ .32 ಗಾತ್ರದ ರಿವಾಲ್ವರ್, 2014ರಲ್ಲಿ ಬಂದ ಹಗುರ ‘ನಿರ್ಭೀಕ್’ ಇವು ಲೈಸನ್ಸ್ ಇದ್ದವರಿಗೆ ಸಿಗುತ್ತವೆ. ಅವುಗಳ ಮೇಲೆ ಕೈ ಆಡಿಸುವ ಮೊದಲು ಮೂರು ಕಟ್ಟಳೆ ತಿಳಿದಿರಬೇಕು. ಬಂದೂಕಿನ ತಯಾರಿಕೆ, ದುರಸ್ತಿ ಲೈಸನ್ಸ್ ಇದ್ದವರ ಕೆಲಸ. ನಳಿಗೆಯನ್ನು ಅನುಮತಿಯಿಲ್ಲದೆ ಗಿಡ್ಡ ಮಾಡುವುದು ಅಪರಾಧ. ಮೈಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು, ತಿದ್ದುವುದು ಅಪರಾಧ. ಕೆತ್ತನೆಯ ಬಳ್ಳಿ ಸಂಖ್ಯೆಯ ಮೇಲೆ ಹಾದರೂ ತೊಂದರೆಯೇ. ಊರಿನ ಅಕ್ಕಸಾಲಿಗನ ಕೈಗೆ ರಿವಾಲ್ವರ್ ಕೊಟ್ಟು ಬರುವುದು ಅವನನ್ನೂ ಕಷ್ಟಕ್ಕೆ ಸಿಲುಕಿಸಿದಂತೆ. ಕುಸುರಿಯ ಆಸೆ ಇದ್ದವರು ಆ ಹಣವನ್ನು ಬೀದರಿನ ಒಂದು ಹೂಜಿಗೋ ಉದಯಪುರದ ಒಂದು ಕಠಾರಿಯ ಹಿಡಿಗೋ ಕೊಟ್ಟರೆ ಕಲೆಗೂ ನ್ಯಾಯ ಸಿಗುತ್ತದೆ.

ಕಾಪಾಡುವ ಬಗೆ

ಬಾಗಲಕೋಟೆಯ ಬೇಸಗೆ ಒಣ, ಅದು ಕಬ್ಬಿಣಕ್ಕೆ ಅನುಕೂಲ. ಮಳೆಗಾಲದಲ್ಲಿ ಹಾಗಲ್ಲ. ಆಲಮಟ್ಟಿ ಹಿನ್ನೀರಿನ ಅಂಚಿನ ಮನೆಗಳಲ್ಲಿ ತೇವ ಗೋಡೆ ಹಿಡಿಯುತ್ತದೆ, ತುಕ್ಕು ವಾರದಲ್ಲಿ ಏಳುತ್ತದೆ. ಚರ್ಮದ ಚೀಲದಲ್ಲಿ ಇಟ್ಟರೆ ಭದ್ರ ಎಂಬುದು ತಪ್ಪು ತಿಳಿವಳಿಕೆ. ಹದ ಮಾಡಿದ ಚರ್ಮದ ಆಮ್ಲ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ತರುತ್ತದೆ. ಆಮ್ಲವಿಲ್ಲದ ಕಾಗದದಲ್ಲೋ ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲೋ ಸುತ್ತಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು. ಬರಿಗೈಯ ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿಸುತ್ತದೆ, ಆದ್ದರಿಂದ ಕೈಗವಸು ಬೇಕು. ಮೆತ್ತನೆಯ ಕುಂಚದಿಂದ ಧೂಳು ತೆಗೆದು, ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಸೂಕ್ಷ್ಮಹರಳಿನ ಮೇಣವನ್ನು ತೆಳ್ಳಗೆ ಸವರಿದರೆ ಸಾಕು. ಕಂದು ಬಣ್ಣದ ಹಳೆಯ ಪದರ ಕೊಳೆಯಲ್ಲ, ವಯಸ್ಸಿನ ಗುರುತು. ಅದನ್ನು ತೆಗೆಯಬಾರದು. ಪುಡಿಪುಡಿಯಾಗಿ ಉದುರುವ ಕೆಂಪು ತುಕ್ಕು ಕಂಡರೆ ಮಾತ್ರ ಸಂರಕ್ಷಣಾ ತಜ್ಞರನ್ನು ಕೇಳಬೇಕು.

ಖಂಡೇಪೂಜೆ ಬಿಡಬೇಕಾಗಿಲ್ಲ. ಅರಿಸಿನ, ಕುಂಕುಮ, ಗಂಧವನ್ನು ಲೋಹದ ಮೈಗೆ ಹಚ್ಚುವ ಬದಲು ಮುಂದೆ ಎಲೆಯ ಮೇಲಿಟ್ಟು ಪೂಜಿಸಿದರೆ ಆಚಾರವೂ ನಡೆಯುತ್ತದೆ, ಚಿನ್ನದ ತಂತಿಯೂ ಉಳಿಯುತ್ತದೆ. ಹೂವು, ಅಕ್ಷತೆಯನ್ನು ಸಂಜೆಯೇ ತೆಗೆದುಬಿಡಬೇಕು.

ಚುನಾವಣೆ ಬಂದಾಗ ಲೈಸನ್ಸಿನ ಆಯುಧಗಳನ್ನು ಠಾಣೆಯಲ್ಲಿ ಇಡಬೇಕಾಗಿ ಬರುತ್ತದೆ. ಕುಸುರಿ ಇರುವ ವಸ್ತುವಾದರೆ ಹೊರಡುವ ಮೊದಲು ಎಲ್ಲ ಮಗ್ಗುಲಿನಿಂದ ಫೋಟೋ ತೆಗೆದು, ರಸೀದಿಯಲ್ಲಿ ಸಂಖ್ಯೆಯ ಜೊತೆ ‘ನಳಿಗೆಯ ಮೇಲೆ ಚಿನ್ನದ ಬಳ್ಳಿ, ಹಿಡಿಗೆ ಬೆಳ್ಳಿ ತಗಡು’ ಎಂದು ಬರೆಸಿಕೊಳ್ಳಬೇಕು. ಗಟ್ಟಿ ಬಟ್ಟೆಯ ಚೀಲದಲ್ಲಿ ಸುತ್ತಿಯೇ ಕೊಡಬೇಕು. ಇದಕ್ಕೆ ಯಾರೂ ಬೇಡವೆನ್ನುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಅಳಿದುಹೋಗುತ್ತಿರುವುದು ಮನೆತನದ ನೆನಪು. ಈ ಬಂದೂಕು ಯಾವ ಅಜ್ಜನದು, ಯಾವ ಜಹಗೀರಿನೊಂದಿಗೆ ಬಂತು, ಯಾವ ವರ್ಷ ಲೈಸನ್ಸ್ ಆಯಿತು ಎಂಬುದು ಮನೆಯ ಹಿರಿಯರಿಗಷ್ಟೇ ಗೊತ್ತಿರುತ್ತದೆ. ಹಳೆಯ ಲೈಸನ್ಸ್ ಪುಸ್ತಕ, ಮೋಡಿ ಲಿಪಿಯ ಕಾಗದ, ಬಂದೂಕು ಹಿಡಿದು ಕೂತ ಹಳೆಯ ಫೋಟೋ ಸಿಕ್ಕರೆ ಆಯುಧದ ಜೊತೆಗೇ ಇಡಬೇಕು. ಸಂಗ್ರಾಹಕರ ಲೋಕದಲ್ಲಿ ಇಂಥ ಒಂದು ಕಾಗದ ಅರ್ಧ ತೊಲ ಚಿನ್ನದ ಕುಸುರಿಗಿಂತ ತೂಕದ್ದು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಸೀಮೆಯಲ್ಲಿ ಇಂಥ ವಸ್ತು ಇರುವ ಮನೆಗಳು ಮುಂದಿನ ಖಂಡೇಪೂಜೆಯೊಳಗೆ ಇಷ್ಟನ್ನು ಮಾಡಲಿ: ಲೈಸನ್ಸಿನ ಸ್ಥಿತಿ ಸರಿಪಡಿಸಿಕೊಳ್ಳಲಿ, ತಿಕ್ಕದೆ ಫೋಟೋ ತೆಗೆಸಲಿ, ಹಿರಿಯರ ಮಾತನ್ನು ಬರೆದಿಡಲಿ. ಇಟ್ಟುಕೊಳ್ಳಲು ಆಗದವರು ಗುಜರಿಗೆ ಹಾಕದೆ, ಕತ್ತಲಲ್ಲಿ ಮಾರದೆ, ಪುರಾತತ್ವ ಇಲಾಖೆಗೆ ಬರೆದು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲಿ.